ರೂಪಾ ಎದ್ದು ಬಂದದ್ದು ಚಿಕಿತ್ಸೆಯಿಂದಲ್ಲ

ಆಸ್ಪತ್ರೆಗಳಿಗೆ ಪರವಾನಗಿ ನೀಡುವ ಮಾನ್ಯರೇ,

ನಾಶಿಕ್‌ನ ಒಂದು ಖಾಸಗಿ ಆಸ್ಪತ್ರೆ, ಆಟಿಸಂ ಇರುವ ಮಕ್ಕಳ ಬೆನ್ನಿಗೆ ಸ್ಟೆಮ್ ಸೆಲ್ ಚುಚ್ಚಿ ಮಾತು ಬರಿಸುತ್ತೇವೆಂದು ಸಾರುತ್ತಿದೆ. ಇದರಿಂದ ಗುಣವಾಗುತ್ತದೆಂದು ಸಾಬೀತಾಗಿಲ್ಲ, ನಿಮಗೂ ಗೊತ್ತು. ಆದರೂ ನಿಮ್ಮ ಪರವಾನಗಿ ಅಲ್ಲಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಲಕ್ಷಣವಾಗಿ ತೂಗುತ್ತಿದೆ.

ನಾನು ಭಾಲ್ಕಿ ಕಡೆಯವನು, ಸಂಭಾಜಿನಗರದ ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಮಗಳು ರೂಪಾಗೆ ಆರು ವರ್ಷ, ಮಾತಿಲ್ಲ. ಮನೆಯಲ್ಲಿ ನಮ್ಮದು ಕನ್ನಡ, ಅವಳಿಗೆ ತಿಳಿಯುವುದೂ ಅದೊಂದೇ. ಆ ಆಸ್ಪತ್ರೆಗೆ ಕರೆದೊಯ್ದ ಮೊದಲ ದಿನ ಡಾಕ್ಟರು ವಿಡಿಯೋ ತೆಗೆಯಲು ಮೊಬೈಲ್ ಹಿಡಿದು, ಹೆಸರೂ ಹೇಳದೆ, ಮರಾಠಿಯಲ್ಲಿ 'ಇಕಡೆ ಯೇ' ಎಂದು ಕರೆದರು. ಅವಳು ಗೋಡೆ ನೋಡುತ್ತ ಕುಳಿತಳು. ಅದು ಚಿಕಿತ್ಸೆಗೆ 'ಮೊದಲು'. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಬೆನ್ನಿಗೆ ಚುಚ್ಚಿದರು. ನಾಲ್ಕು ದಿನ ಮಗು ತಲೆ ಎತ್ತಲಿಲ್ಲ, ನೀರು ಕುಡಿದರೂ ವಾಂತಿ. ಐದು ತಿಂಗಳ ನಂತರ ಮತ್ತೆ ಮೊಬೈಲ್ ಹಿಡಿದರು. ಈ ಸಲ ನನ್ನ ಹೆಂಡತಿ ವಿಜಯಶ್ರೀಗೆ, ನಿಮ್ಮ ಭಾಷೆಯಲ್ಲೇ ಕರೆಯಿರಿ ಎಂದರು. "ರೂಪಾ, ಬಾ ಇಲ್ಲಿ" ಎಂದಳು. ಮಗಳು ಎದ್ದು ಬಂದಳು. ಅದು 'ನಂತರ'.

ಮೂರನೆಯ ವರ್ಷದಿಂದಲೂ ಅವಳು ಹಾಗೇ ಬರುತ್ತಾಳೆ, ಮಾನ್ಯರೇ. ನನಗದು ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ, ಕ್ಯಾಮೆರಾ ಮುಂದೆ, ಗುಣವಾಯಿತು ಎಂದುಬಿಟ್ಟೆ. ಆಸೆಗೆ ಬಿದ್ದ ಅಪ್ಪನಿಗಿಂತ ಅಗ್ಗದ ಜಾಹೀರಾತು ಎಲ್ಲಿ ಸಿಕ್ಕೀತು? ಆ ವಿಡಿಯೋ ಈಗ ಊರೂರು ಸುತ್ತುತ್ತಿದೆ. ಮಗಳಿಗೆ ಇವತ್ತಿಗೂ ಮಾತು ಬಂದಿಲ್ಲ.

ದೂರು ಕೊಟ್ಟೆ. ಸಂಭಾಜಿನಗರದ ಕಚೇರಿಯವರು ಆಸ್ಪತ್ರೆ ನಾಶಿಕ್‌ನದು ಎಂದರು. ನಾಶಿಕ್‌ನವರು ರೋಗಿ ಸಂಭಾಜಿನಗರದವಳು ಎಂದರು. ಅಲ್ಲಿಯ ಗುಮಾಸ್ತರೊಬ್ಬರು, ಮಗು ಸತ್ತಿಲ್ಲವಲ್ಲ ಎಂದು ಕೇಳಿದರು. ಎಷ್ಟು ಮಕ್ಕಳು ಸತ್ತರೆ ನಿಮ್ಮಲ್ಲಿ ಕಡತ ಕದಲುತ್ತದೆ? ತಿಳಿಸಿದರೆ ಕಾಯುವವರಿಗೆ ಅನುಕೂಲವಾದೀತು.

ನಮ್ಮೂರಿನ ಉಮಾನಾಥ ನಾಶಿಕ್ ಹತ್ತಿರದ ಓಝರ್‌ನಲ್ಲಿದ್ದಾನೆ. ನನ್ನ ವಿಡಿಯೋ ನೋಡಿ ತನ್ನ ನಾಲ್ಕು ವರ್ಷದ ಮಗನಿಗೆ ಅದೇ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿದ್ದಾನೆ, ಬರುವ ಸೋಮವಾರ. ಫೋನ್ ಮಾಡಿ, ಬೇಡ, ಅದೆಲ್ಲ ಸುಳ್ಳು ಎಂದು ಅಂಗಲಾಚಿದೆ. ಅವನೆಂದ: "ನಿಮ್ಮ ಮಗಳಿಗಿ ಆರಾಮ ಆಗ್ಯಾದ ಅಂತ ನೀವೇ ಹೇಳೀರಿ ಶಶಿಕಾಂತಣ್ಣ. ನನ್ನ ಮಗನಿಗಿ ಆಗೋದು ನಿಮಗ ಬ್ಯಾಡೇನ್ರಿ?"

ಸೋಮವಾರದೊಳಗೆ ಆ ಚಿಕಿತ್ಸೆ ನಿಲ್ಲಿಸಿ. ಬೇಕಾದರೆ ನನ್ನ ಮೇಲೂ ಕೇಸು ಹಾಕಿ, ತಪ್ಪೊಪ್ಪಿ ಬರೆದು ಕೊಡುತ್ತೇನೆ. ನಾನು ಈಗ ಹೇಳುವ ನಿಜವನ್ನು ಉಮಾನಾಥ ನಂಬುವುದಿಲ್ಲ. ನಿಮ್ಮ ಮೊಹರು ಬಿದ್ದ ಒಂದು ಹಾಳೆಯನ್ನು ನಂಬುತ್ತಾನೆ.

ಇಂತಿ,
ಮಗಳ ಹೆಸರಿನಲ್ಲಿ ಸುಳ್ಳು ಸಾಕ್ಷಿ ನುಡಿದ ತಂದೆ,
ಶಶಿಕಾಂತ, ಚಿಕಲಠಾಣಾ