ಗೊಬ್ಬರ ಹಾಕಬಾರದ ತಾಕು

ಲ್ಯಾವಿಂಗ್ಟನ್, ನೈರೋಬಿ
೮ ಡಿಸೆಂಬರ್ ೨೦೨೪

ಪ್ರೀತಿಯ ವಿಜ್ಞಾನಿ ಯಜಮಾನರಿಗೆ ಮೃಣಾಲಿನಿಯ ನಮಸ್ಕಾರ.

ನಾನೂ ಮೈತ್ರಿಯೂ ಕ್ಷೇಮ. ಧಾರವಾಡದ ಚಳಿಗೆ ನಿಮ್ಮ ಮೊಣಕಾಲು ಹೇಗಿದೆ? ಕಾಗದ ತಡವಾಯಿತು, ಸಿಟ್ಟಾಗಬೇಡಿ. ಫೋನಿನಲ್ಲಿ ಹೇಳಲು ಹೊರಟರೆ ನೀವು ಅರ್ಧಕ್ಕೇ ಬಾಯಿ ಹಾಕುತ್ತೀರಿ. ಕಾಗದವಾದರೆ ನಾನು ಮುಗಿಸುವವರೆಗೆ ಸುಮ್ಮನಿರಲೇಬೇಕು!

ಮೊದಲು ಸಿಹಿ ಸುದ್ದಿ. ನಮ್ಮ ಮಚಾಕೋಸ್ ರೈತ ಮಹಿಳೆಯರ ಸಂಘಕ್ಕೆ ಇನ್ನೂ ಮೂರು ವರ್ಷದ ಸಂಶೋಧನಾ ಅನುದಾನ ಸಿಕ್ಕಿತು. ಗೆದ್ದೆವು, ರೀ! ಸಂಘದ ವಿಜ್ಞಾನಿಯಾಗಿ ನೀವು ಇಲ್ಲಿಗೆ ಬಂದು ನೆಲೆಸುವುದೂ ಇದರ ಮೇಲೆಯೇ ನಿಂತಿತ್ತು, ಗೊತ್ತು. ಅದಕ್ಕೂ ಬರುತ್ತೇನೆ.

ಅನುದಾನ ಕೈತಪ್ಪುವುದರಲ್ಲಿತ್ತು. ನೀವು ಹೇಳಿದಂತೆ ಪ್ರತಿ ಹೊಲದಲ್ಲೂ ಬೀನ್ಸಿಗೆ ಎರಡು ತಾಕು ಮಾಡಿದ್ದೆವಲ್ಲ, ಒಂದಕ್ಕೆ ಕಾಂಪೋಸ್ಟ್, ಹೋಲಿಸಿ ನೋಡಲು ಇನ್ನೊಂದಕ್ಕೆ ಏನೂ ಇಲ್ಲ. ಅನುದಾನ ಕೊಡುವ ಸಂಸ್ಥೆಯಿಂದ ಡೆಂಜಿಲ್ ನೋಡಲು ಬಂದರು, ನಮ್ಮ ಮಂಗಳೂರಿನವರೇ. ನೋಡಿದರೆ ಎರಡು ತಾಕೂ ಒಂದೇ ಹಸಿರು! ಸಂಘದ ಅಧ್ಯಕ್ಷೆ ಮುಥೇವು ನೆಲ ನೋಡುತ್ತಾ ಬಾಯಿ ಬಿಟ್ಟರು: "ಚರ್ಚಿಗೆ ಹೋಗೋರೆಲ್ಲ ಆ ಬಡಕಲು ಬೆಳೆ ನೋಡಿ ನಾನು ಸೋಮಾರಿ ಅಂತಿದ್ರು. ಒಂದು ಬುಟ್ಟಿ ಗೊಬ್ಬರ ಹಾಕ್ದೆ, ಅಷ್ಟೇ." ಹಿಂದಿನಿಂದ ಒಬ್ಬರು "ನಾನೂ ಹಾಕ್ದೆ" ಎಂದರು. ಆಮೇಲೆ ಇನ್ನೊಬ್ಬರು. ಒಬ್ಬರಿಗೊಬ್ಬರು ಹೇಳದೆ ಎಲ್ಲರೂ ಅದನ್ನೇ ಮಾಡಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಸಾರಿ ಮೇಡಂ, ಟ್ರಯಲ್ ಫೇಲ್. ನಾನು ರೆಕಮೆಂಡ್ ಮಾಡೋದು ಕಷ್ಟ ಉಂಟು" ಎಂದು ಡೆಂಜಿಲ್ ಕಾರು ಹತ್ತಿದರು.

ನಾನು ಬಿಡುವವಳೇ? ಇಲ್ಲೇ ನೈರೋಬಿಯ ರಿವರ್‌ಸೈಡಿನಲ್ಲಿ ನಡೆದ ಅವರ ಸಂಸ್ಥೆಯ ಸಭೆಗೆ ಮುಥೇವು ಅವರನ್ನೂ ಕರೆದುಕೊಂಡು ಹೋದೆ. "ತಪ್ಪಾಗಿದೆ, ಒಪ್ತೀವಿ. ಆದ್ರೆ ರೈತರದೇ ಸಂಶೋಧನೆ ಅಂತೀರಿ, ಪ್ರಶ್ನೆ ಮಾತ್ರ ಧಾರವಾಡದಿಂದ ಬರುತ್ತೆ. ಇನ್ಮೇಲೆ ಪ್ರಶ್ನೆನೂ ಇವರದ್ದು, ಯಾವ ವಿಜ್ಞಾನಿ ಬೇಕು ಅನ್ನೋದೂ ಇವರದ್ದೇ ಆಗ್ಲಿ" ಎಂದೆ. ಮುಥೇವು ತಮ್ಮ ಪ್ರಶ್ನೆ ಮುಂದಿಟ್ಟರು: ಬೀನ್ಸಿಗೆ ಮೇಕೆ ಗೊಬ್ಬರ ಒಳ್ಳೆಯದೋ, ಬೇಲಿಯ ಕಾಡು ಸೂರ್ಯಕಾಂತಿ ಸೊಪ್ಪೋ? ಯಾವ ತಾಕೂ ಉಪವಾಸ ಬೀಳುವುದಿಲ್ಲ, ಕದ್ದು ಉಣಿಸುವ ಪ್ರಮೇಯವೂ ಇಲ್ಲ. ಡೆಂಜಿಲ್ ನಕ್ಕುಬಿಟ್ಟರು. ನಾನು ಹೇಳಿದ ಎರಡು ಮಾತನ್ನೂ ಷರತ್ತಾಗಿ ಬರೆದುಕೊಂಡು ಒಪ್ಪಿದರು.

ವಾಪಸು ಬರುವಾಗ ಮಟಾಟು ವ್ಯಾನಿನ ನೂಕುನುಗ್ಗಲಿನಲ್ಲಿ ಮುಥೇವು ನನ್ನ ಕೈ ಹಿಡಿದೇ ಕೂತಿದ್ದರು. ನನಗೆ ಬಹಳ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ?

ಮೈತ್ರಿಯ ಪರೀಕ್ಷೆ ಮುಗಿಯಿತು. ನಾನು ಕನ್ನಡದಲ್ಲಿ ಬೈದರೆ ನಿಮ್ಮ ಮಗಳು ಇಂಗ್ಲಿಷಿನಲ್ಲೇ ತಿರುಗಿ ಬೀಳುತ್ತಾಳೆ. "ಅಪ್ಪ ಈಸ್ ಕಮಿಂಗ್ ಫಾರ್ ಗುಡ್, ರೈಟ್?" ಎಂದು ದಿನಾ ಕೇಳುತ್ತಾಳೆ.

ಅತ್ತೆಯವರಿಗೆ ನಮ್ಮಿಬ್ಬರ ನಮಸ್ಕಾರ ಹೇಳಿ, ಅವರ ಆಶೀರ್ವಾದವಿರಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮವಳೇ,
ಮೃಣಾಲಿನಿ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಘದವರು ವಿಜ್ಞಾನಿಯನ್ನು ಆರಿಸಿದರು. ಅವರಲ್ಲಿ ಚೀಟಿ ಹಾಕುವುದಿಲ್ಲ. ಒಬ್ಬೊಬ್ಬ ಅಭ್ಯರ್ಥಿಯ ಹೆಸರಿಗೆ ಒಂದು ಕುರ್ಚಿ ಇಟ್ಟು, ಬೇಕಾದವರ ಕುರ್ಚಿಯ ಹಿಂದೆ ಸಾಲು ನಿಲ್ಲುತ್ತಾರೆ. ನಿಮ್ಮ ಹೆಂಡತಿಯಾದ್ದರಿಂದ ನಾನು ದೂರ ಹೋಗಿ ಕೂತೆ. ಸಾಲೆಲ್ಲ ಮಚಾಕೋಸಿನದೇ ಕಾಲೇಜಿನ ಉಪನ್ಯಾಸಕಿಯ ಕುರ್ಚಿಯ ಹಿಂದೆ ಬೆಳೆಯಿತು. ನಿಮ್ಮದರ ಹಿಂದೆ ಮುಥೇವು ಒಬ್ಬರೇ, ಅದೂ ನನ್ನ ಮೇಲಿನ ದಾಕ್ಷಿಣ್ಯಕ್ಕೆ. "ನಿನ್ನ ಯಜಮಾನರು ಒಳ್ಳೆಯವರು. ಆದ್ರೆ ಅವರು ಬಂದ್ರೆ ನಮ್ಮ ಹೆಂಗಸರು ಮಾತೇ ನಿಲ್ಲಿಸ್ತಾರೆ" ಎಂದರು. ಹಾಗಾಗಿ ನೀವು ಇಲ್ಲಿಗೆ ಬರುವುದು ತಪ್ಪಿತು. ನಿಮ್ಮ ಬಟ್ಟೆಗೆಂದು ಅರ್ಧ ಬೀರು ಖಾಲಿ ಮಾಡಿದ್ದೆ, ಬಾಗಿಲು ತೆಗೆದರೆ ಅಳು ಬರುತ್ತದೆ. ಮೈತ್ರಿಗೆ ಇನ್ನೂ ಹೇಳಿಲ್ಲ. ನಾನು ಹಾಕಿಸಿದ ಷರತ್ತು ಮಾತ್ರ ಸರಿಯಾದದ್ದೇ. ನನಗೂ ಸಾಲು ನಿಲ್ಲುವ ಹಕ್ಕಿದ್ದಿದ್ದರೆ ಯಾವ ಕುರ್ಚಿಯ ಹಿಂದೆ ನಿಲ್ಲುತ್ತಿದ್ದೆ ಎಂದು ದಯವಿಟ್ಟು ಕೇಳಬೇಡಿ.