ನೀನು ಆಫ್ ಮಾಡದ ಎಂಜಿನ್

ಅಪ್ಪಾ,

ಸತ್ತವರನ್ನ ಬೈಬಾರದಂತೆ. ಇವತ್ತು ಬೈದೇ ಬೈತೀನಿ.

ನೀನು ಓಡಿಸ್ತಿದ್ದ ಗೂಡ್ಸ್ ಡೀಸೆಲ್ ಎಂಜಿನ್‌ಗಳಲ್ಲಿ ಉಳಿದಿದ್ದ ಕೊನೇದನ್ನೂ ನಾನು ಈಗ ಕೆಲಸ ಮಾಡ್ತಿರೋ ರೈಲ್ವೆ ಶೆಡ್‌ನವರು ಗುಜರಿಗೆ ಹಾಕಿದ್ರು. "ಚಳೀಲಿ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಕಣಮ್ಮ, ಬಿಟ್ಟು ಹೆಂಗೆ ಬರ್ಲಿ?" ಅಂತ ತಾನೇ ನೀನು ಯಾರ್ಡಲ್ಲೇ ಇದ್ದುಬಿಡ್ತಿದ್ದೆ? ಅಮ್ಮ ಆಸ್ಪತ್ರೇಲಿ ಬಾಗಿಲು ನೋಡ್ತಾ ಮಲಗಿದ್ದಾಗಲೂ ಅದೇ ರಾಗ.

ವಾರದಿಂದ ಆಫ್ ಆಗಿ ಚಳೀಲಿ ನಿಂತಿದ್ದ ಎಂಜಿನ್ನು. ಗುಜರಿ ಲೈನಿಗೆ ಸೇರಿಸೋಕೆ ಅಂತ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡಿದೆ. ಹಾಳಾದ್ದು, ಒಂದೇ ಸಲಕ್ಕೆ ಹೊಗೆ ಉಗುಳಿ ಎದ್ದು ಕೂತಿತು! ಕೈಲಿದ್ದ ಸ್ಪ್ಯಾನರ್ ಬೀಸಿ ಒಗೆದೆ.

ಲೈನಲ್ಲಿ ನಿಲ್ಲಿಸಿದ ಮೇಲೆ ಫೋರ್‌ಮನ್ ಕೂಗಿದರು, "ಆಯ್ತಲ್ಲ, ಆಫ್ ಮಾಡಮ್ಮ."

ನನ್ನ ಕೈ ಏಳಲಿಲ್ಲ.

"ಸ್ವಲ್ಪ ಇರಿ ಸಾರ್," ಅಂದೆ. "ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ."