ಸೀಬೆ ವಾಸನೆಯ ಗಿಡ

3 ಅಕ್ಟೋಬರ್ 1996, ಗುರುವಾರ. ರಾತ್ರಿ 2.40

ನೀರು ಸುರಿಯುವ ಸದ್ದಿಗೆ ಎಚ್ಚರವಾಯಿತು. ನಲ್ಲಿಯದಲ್ಲ, ಮಳೆಯದೂ ಅಲ್ಲ. ಚೊಂಬಿನಿಂದ ಮಣ್ಣಿಗೆ ಮೆಲ್ಲಗೆ ಹೊಯ್ಯುವ ಸದ್ದು, ಹಿತ್ತಲ ಕಡೆಯಿಂದ. ಚಿನ್ನುಗೆ ಹಾಲು ಕೊಟ್ಟು ಮಲಗಿಸಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅವಳೂ ಎದ್ದಳು. ಇವರು ಗೋಡೆಗೆ ಮುಖ ಮಾಡಿ ಗೊರಕೆ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯಿಂದ ನೋಡಿದೆ. ಅತ್ತೆ. ಕೊಟ್ಟಿಗೆ ಹಿಂದೆ ಬಗ್ಗಿ ನಿಂತಿದ್ದಾರೆ. ಈ ಹೊತ್ತಿನಲ್ಲಿ ಯಾರು ಗಿಡಕ್ಕೆ ನೀರು ಹಾಕುತ್ತಾರೆ? ಅಲ್ಲಿ ಗಿಡವಾದರೂ ಎಲ್ಲಿದೆ?

ಜೊತೆಗೆ ಒಂದು ವಾಸನೆ. ಮಾಗಿದ ಸೀಬೆಹಣ್ಣಿನದು. ನಮ್ಮ ಹಿತ್ತಲಲ್ಲಿ ಸೀಬೆ ಮರ ಇಲ್ಲ. ಪಕ್ಕದ ಮನೆಯವರ ಹಿತ್ತಲಲ್ಲೂ ಇಲ್ಲ. ಹೆರಿಗೆ ಆದಾಗಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಈಗ ಮೂಗಿಗೂ ಭ್ರಮೆ ಹತ್ತಿತೋ ಏನೋ. ಬೆಳಗಾಗಲಿ.

4 ಅಕ್ಟೋಬರ್, ಶುಕ್ರವಾರ

ಭ್ರಮೆ ಅಲ್ಲ. ಕೊಟ್ಟಿಗೆ ಗೋಡೆಗೂ ಕಬ್ಬಿನ ಸೋಗೆ ರಾಶಿಗೂ ನಡುವೆ ಎರಡು ಗಿಡ. ಸೊಂಟದೆತ್ತರ, ಕುಳ್ಳು, ಒತ್ತಾದ ಪೊದೆ. ಎಲೆ ಅಂಗೈ ಬಿಚ್ಚಿದ ಹಾಗೆ, ಅಂಚು ಗರಗಸ. ಎಲ್ಲೋ ನೋಡಿದ್ದೇನೆ... ಎಲ್ಲಿ? ಬಿ.ಎಸ್ಸಿ. ಎರಡನೇ ವರ್ಷ, ಬಾಟನಿ ಲ್ಯಾಬು, ಹಾಳೆಗೆ ಅಂಟಿಸಿದ ಒಣ ಎಲೆ, ಕೆಳಗೆ ಹೆಸರು... ಕ್ಯಾನಬಿನಸ್. ಹೈಬಿಸ್ಕಸ್ ಕ್ಯಾನಬಿನಸ್. ಪುಂಡಿ ಸೊಪ್ಪು.

ಹೆಸರು ನೆನಪಾದದ್ದಕ್ಕೇ ಒಂದು ಗಳಿಗೆ ಹೆಮ್ಮೆ. ಓದಿದ್ದೆಲ್ಲ ಹಾಲಿನ ಜೊತೆ ಹರಿದುಹೋಯಿತು ಅಂದುಕೊಂಡಿದ್ದೆ.

ಆದರೆ ಪುಂಡಿಗೆ ಸೀಬೆ ವಾಸನೆ ಯಾಕೆ? ತಳಿ ಬೇರೆ ಇರಬಹುದು. ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷ, ಈ ಊರಿನ ಸೊಪ್ಪೆಲ್ಲ ನನಗೆ ಗೊತ್ತು ಅಂತ ಹೇಗೆ ಹೇಳಲಿ. ನಾಳೆ ಸಾರಿಗೆ ಹಾಕಿ ನೋಡಬೇಕು.

6 ಅಕ್ಟೋಬರ್, ಭಾನುವಾರ

ಹೇಗೆ ಬರೆಯಲಿ ಇದನ್ನು.

ನಿನ್ನೆ ಅತ್ತೆ ಯಾರದೋ ಮನೆಯ ನಾಮಕರಣಕ್ಕೆ ಹೋಗಿದ್ದರು. ಎರಡು ಹಿಡಿ ಎಳೆ ಚಿಗುರು ಕಿತ್ತೆ. ಕೈಗೆಲ್ಲ ಅಂಟು, ಸೋಪಿಗೂ ಬಗ್ಗಲಿಲ್ಲ. ತೊಗರಿಬೇಳೆ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಹುಳಿಯೇ ಇರಲಿಲ್ಲ, ಹುಣಿಸೆ ಹಿಂಡಿದೆ. ಮಾವ ಯಾವತ್ತೂ ಒಂದು ಮುದ್ದೆಗೆ ಏಳುವವರು, ಎರಡು ಮುಗಿಸಿ ಮತ್ತೆ ತಟ್ಟೆ ಮುಂದೆ ಮಾಡಿದರು. ಇವರು ಟೀವಿಯಲ್ಲಿ ಕೃಷಿ ಸಮಾಚಾರ ನೋಡುತ್ತಾ ನಕ್ಕರು. ಎರೆಹುಳುವಿನ ಗೊಬ್ಬರಕ್ಕೆ ಯಾರಾದರೂ ನಗುತ್ತಾರೆಯೇ?

ಆಮೇಲೆ ನಾನು ಮಲಗಿದೆ. ಮಲಗಿದೆ ಅಂದರೆ, ಯಾರೋ ಬಾವಿಗೆ ಹಗ್ಗ ಬಿಟ್ಟ ಹಾಗೆ ಇಳಿದುಹೋದೆ. ಕಣ್ಣು ಬಿಟ್ಟಾಗ ಬಿಸಿಲು. ಚಿನ್ನುವೂ ಪಕ್ಕದಲ್ಲಿ ಹಾಗೇ. ರಾತ್ರಿ ಒಂದು ಸಲವೂ ಎದ್ದಿರಲಿಲ್ಲ.

ಅತ್ತೆ ಪಾತ್ರೆಯ ತಳ ಸೌಟಿನಿಂದ ಕೆದಕಿ, ಮೂಸಿ, ಯಾವ ಸೊಪ್ಪು ಅಂತ ಕೇಳಿದರು. ಹಿತ್ತಲ ಪುಂಡಿ ಎಂದೆ. ಅವರು ಅಲ್ಲೇ ನೆಲಕ್ಕೆ ಕೂತರು.

"ಪುಂಡಿಯಾ? ಅಯ್ಯೋ ಓದಿರೋಳೇ, ಅದು ಬಂಗಿ ಕಣವ್ವ."

ಬಂಗಿ ಅಂದರೆ ಗಾಂಜಾ ತಾನೇ ಎಂದೆ.

"ಗಾಂಜಾ ಅನ್ನೋದು ಪೋಲೀಸ್ನೋರ್ ಮಾತು. ನಾವು ಅಂಗನ್ನಾಕಿಲ್ಲ. ದನುಕ್ಕೆ ಹೊಟ್ಟೆ ಕೆಟ್ರೆ ಹಾಕೋ ಔಸ್ದಿ."

ಜಗಲಿಯಲ್ಲಿದ್ದ ಮಾವನಿಗೆ ಕೇಳಿಸಿತು. "ಅದ್ಕೇ ಅನ್ಕಂಡೆ, ಸೊಸೆ ಕೈ ಸಾರು ಇದೇನು ಇಂಗೆ ತಲೆಗೇ ಏರ್ತಾ ಐತಲ್ಲ ಅಂತ" ಎಂದು ಕೆಮ್ಮು ಬರುವ ತನಕ ನಕ್ಕರು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡರು.

ನನಗೆ ನಗು ಬರಲಿಲ್ಲ. ತಿಂದದ್ದು ನಾನು, ಹಾಲು ಕುಡಿದದ್ದು ಚಿನ್ನು. ಇವತ್ತೆಲ್ಲ ಅವಳನ್ನೇ ನೋಡುತ್ತಾ ಕೂತೆ. ಕಾಲು ಬಡಿಯುತ್ತಾಳೆ, ಬಳೆ ಎಳೆಯುತ್ತಾಳೆ. ಏನೂ ಆಗಿಲ್ಲ. ಆಗಿಲ್ಲ ತಾನೇ?

9 ಅಕ್ಟೋಬರ್, ಬುಧವಾರ

ಟ್ರಂಕಿನಿಂದ ಹಳೇ ನೋಟ್ಸು ತೆಗೆದೆ. ನಮ್ಮ ಮೇಡಂ ಇರುವುದು ಒಂದೇ ಜಾತಿ, ಸಟೈವಾ ಅಂತ ಬರೆಸಿದ್ದರು. ಪುಸ್ತಕದಲ್ಲಿ ಇಂಡಿಕಾ ಬೇರೆ, ಕುಳ್ಳು, ಎಲೆ ಅಗಲ ಅಂತಿದೆ. ಯಾವುದು ಸರಿ? ಸೀಬೆ ವಾಸನೆಯ ಮಾತು ಎರಡರಲ್ಲೂ ಇಲ್ಲ.

ಅತ್ತೆಯನ್ನೇ ಕೇಳಿದೆ. ಉದ್ದಕ್ಕೆ ಬೆಳೆಯುವುದು ತಲೆಗೆ ಏರಿ ಕುಣಿಸುತ್ತದಂತೆ. ಈ ಕುಳ್ಳು ಗಿಡ ಕೈಕಾಲು ಸಡಿಲ ಮಾಡಿ ಮಲಗಿಸುತ್ತದಂತೆ. ಬೀಜ ಅವರ ತವರು ಕೆ.ಆರ್. ಪೇಟೆ ಕಡೆಯದು. ಹಣ್ಣಿನ ವಾಸನೆ ಯಾಕೆ ಅಂದರೆ, "ಮಲ್ಗೆ ಯಾಕೆ ಮಲ್ಗೆ ಅಂಗೆ ನಾರ್ತದೆ, ಅದ್ನೂ ಕೇಳು" ಎಂದರು. ಗಂಡು ಗಿಡ ಆಗಲೇ ಕಿತ್ತು ಹಾಕಿದ್ದಾರೆ. ಇಲ್ಲದಿದ್ದರೆ ಹೆಣ್ಣು ಬೀಜಕ್ಕೆ ಬೀಳುತ್ತದೆ, ಬಲ ಹೋಗುತ್ತದೆ ಅಂತ.

ದನಕ್ಕೆ ಅಂದದ್ದು ಅರ್ಧ ಸತ್ಯ. ಮಾವನಿಗೆ. ಚಿನಕುರಳಿಯ ಕಲ್ಲು ಕ್ವಾರಿಯಲ್ಲಿ ದುಡಿದು ಅವರ ಸೊಂಟ ಹಾಳು. ಗುಳಿಗೆ ನುಂಗಿ ನುಂಗಿ ಹೊಟ್ಟೆಯೂ ಹುಣ್ಣು. ಇದೊಂದರಿಂದ ಮಲಗುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ನರಳಾಟ ಕೇಳಿ ಎದ್ದು ಕೂರುತ್ತಿದ್ದೆ, ಈಚೆಗೆ ಅದು ನಿಂತಿದೆ ಅನ್ನುವುದೇ ಇವತ್ತು ಹೊಳೆಯಿತು.

ಇವರಿಗೆ ಹೇಳಿದೆ. ಮೊದಲೇ ಗೊತ್ತು ಇವರಿಗೆ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಗುಮಾಸ್ತರು, ಧ್ವನಿ ತಗ್ಗಿಸುವುದು ಅಭ್ಯಾಸ. "ನೀನೂ ನೋಡಿಲ್ಲ, ನಾನೂ ನೋಡಿಲ್ಲ ಶ್ವೇತ. ಒಂದ್ ಎಲೆ ಸಿಕ್ಕಿದ್ರೂ ನನ್ ಕೆಲಸ ಹೋಯ್ತದೆ."

ಕೀಳಿಸಿದರೆ ಮಾವ ನರಳುತ್ತಾರೆ. ಬಿಟ್ಟರೆ ಮನೆಗೆ ಪೋಲೀಸು. ಔಷಧಿಯೋ ಅಪರಾಧವೋ. ಎರಡೂ ಒಂದೇ ಬೇರಿನ ಮೇಲೆ ನಿಂತು ಸೀಬೆಹಣ್ಣಿನ ಹಾಗೆ ಘಮಘಮ ಅನ್ನುತ್ತಿವೆ. ನನ್ನ ಬಿ.ಎಸ್ಸಿ. ಇಲ್ಲಿಗೆ ಮುಗಿಯಿತು.

27 ಅಕ್ಟೋಬರ್, ಭಾನುವಾರ. ಬೆಳಗಿನ ಜಾವ

ಬರೆಯಲು ಕೈ ಬಿಡುವಿರಲಿಲ್ಲ. ಚಿನ್ನು ರಾತ್ರಿಯಿಡೀ ಅಳುತ್ತಾಳೆ. ಹೊಟ್ಟೆನೋವೋ, ಹಲ್ಲೋ, ಹಾಲು ಸಾಲದೋ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆ ದಿನಾ ಎಣ್ಣೆಸ್ನಾನ ಮಾಡಿಸಿ ಕಲ್ಲಿನ ಮೇಲೆ ಬಜೆ ತೇದು ನೆಕ್ಕಿಸುತ್ತಾರೆ. ಬಜೆ ಬಿದ್ದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಶುರು.

ನಿನ್ನೆ ರಾತ್ರಿ ಅವಳನ್ನು ಎತ್ತಿಕೊಂಡು ಓಡಾಡುತ್ತಾ ಹಿತ್ತಲಿಗೆ ಹೋದೆ. ಗಿಡ ಹೂ ಬಿಟ್ಟಿದೆ. ಹೂವೆಂದರೆ ಹೂವೂ ಅಲ್ಲ, ಹಸಿರು ಗೊಂಚಲು, ಬೂದಿ ಚೆಲ್ಲಿದ ಹಾಗೆ. ವಾಸನೆಗೇ ಮೈ ಸಡಿಲವಾಯಿತು. ಅವತ್ತಿನ ಸಾರು, ಅವತ್ತಿನ ನಿದ್ದೆ... ಒಂದು ಚಿಗುರು. ಒಂದೇ. ಯಾರಿಗೆ ತಿಳಿಯುತ್ತದೆ?

ಮುಟ್ಟಲಿಲ್ಲ. ಮುಟ್ಟಲಿಲ್ಲ ಅಂತ ಬರೆದಿಡುತ್ತಿದ್ದೇನೆ.

ತಿರುಗಿದರೆ ಬಾಗಿಲಲ್ಲಿ ಅತ್ತೆ. ನಾನು ಅಳುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಮಗುವನ್ನು ತೆಗೆದುಕೊಂಡರು. "ಹಿಂಗೇ ಆದ್ರೆ ನೀನೇ ಉಳಿಯಾಕಿಲ್ಲ. ನೀ ಮನೀಕವ್ವ, ನಾ ಏನಾರ ಮಾಡ್ತೀನಿ" ಎಂದರು.

15 ನವೆಂಬರ್, ಶುಕ್ರವಾರ. ಮಧ್ಯಾಹ್ನ 3

ಮನೆ ಎಷ್ಟು ನಿಶ್ಶಬ್ದ. ನಾದಿನಿಗೆ ದಿನ ತುಂಬುತ್ತಿದೆ ಅಂತ ಅತ್ತೆ ಬೆಳಿಗ್ಗೆ ಬಸ್ಸಿಗೆ ನಾಗಮಂಗಲಕ್ಕೆ ಹೋದರು. ಹೋಗುವ ಮುಂಚೆ ಚಿನ್ನುಗೆ ಸ್ನಾನ, ಬಜೆ ಎಲ್ಲ ಮುಗಿಸಿದರು. ಅವಳು ಆಗಿನಿಂದ ಮಲಗಿದ್ದಾಳೆ. ನಾನೂ ಮಲಗಿ ಎದ್ದೆ. ತಲೆಗೆ ನೀರು ಹಾಕಿಕೊಂಡೆ. ಮುದ್ದೆಯನ್ನು ಬಿಸಿಯಾಗಿ ತಿಂದೆ, ಕೂತುಕೊಂಡು. ಬೆನ್ನ ಮೇಲೆ ಒದ್ದೆ ಕೂದಲು, ಬಿಸಿಲು. ಹೋದ ವಾರ ಕೊಯ್ದ ಗಿಡ ಅಟ್ಟದ ಮೇಲೆ ಒಣಗುತ್ತಿದೆ, ವಾಸನೆ ಒಳಗೆಲ್ಲ. ಇವತ್ತು ಅದೂ ಹಿತವಾಗಿದೆ.

ಸುಖವಾಗಿದ್ದೇನೆ ಅನ್ನಿಸುತ್ತಿದೆ. ಬರೆಯಲು ಭಯ.

ಅದೇ ದಿನ. ಸಂಜೆ 5.30

ಏಳುತ್ತಿಲ್ಲ.

ಎದೆ ಬಿಗಿದು ನೋಯುತ್ತಿದೆ, ಬಾಯಿಗಿಟ್ಟರೆ ಚೀಪುವುದಿಲ್ಲ. ಅಂಗಾಲಿಗೆ ಬೆರಳಿನಿಂದ ಹೊಡೆದೆ. ಕಣ್ಣು ಅರೆ ತೆರೆದಳು, ಗುಡ್ಡೆ ಮೇಲಕ್ಕೆ ಹೋಯಿತು, ಮತ್ತೆ ಮುಚ್ಚಿತು. ಕೈ ಎತ್ತಿ ಬಿಟ್ಟರೆ ಬಿದ್ದುಹೋಗುತ್ತದೆ. ಮೈ ಬೆಚ್ಚಗಿದೆ. ಜ್ವರವೋ ಹೊದಿಕೆಯೋ.

ಮಾವನನ್ನು ಕೇಳಿದೆ: ಅತ್ತೆ ಬೆಳಿಗ್ಗೆ ಬಜೆ ಬಿಟ್ಟು ಬೇರೆ ಏನಾದರೂ ಕೊಟ್ಟರಾ? ಗೊತ್ತಿಲ್ಲ ಎಂದರು. ನನಗೆ ಹಾಲು ಕೊಟ್ಟು ಹೋದಳು, ಅಷ್ಟೇ ಎಂದರು. ಯಾವ ಹಾಲು? ಬಂಗಿ ಉಂಡೆ ತೇದ ಹಾಲು. ರಾತ್ರಿ ತಾವು ಇರುವುದಿಲ್ಲ, ಬಸ್ಸು ಹತ್ತುವ ಮುಂಚೆಯೇ ಮಾಡಿಟ್ಟು ಹೋದರಂತೆ. ಎಲ್ಲಿ ತೇದರು?

ಮಾವ ಒಲೆಯ ಕಡೆ ತಿರುಗಿದರು. ಆಮೇಲೆ ಹೇಳಿದರು.

"ನಂದೂ ಅದೇ ಕಲ್ಲಲ್ಲೇ ತೇಯೋದು ಕಣವ್ವ."

ಕಲ್ಲು ಒಲೆ ಪಕ್ಕ ಗೋಡೆಗೆ ಒರಗಿದೆ. ತೊಳೆದು ಬೋರಲು ಇಟ್ಟಿದ್ದಾರೆ. ಮೂಸಿದೆ. ಸೀಬೆಯೋ ಬಜೆಯೋ... ಮನೆಯೆಲ್ಲ ಅದೇ ವಾಸನೆ, ಏನು ತಿಳಿಯುತ್ತದೆ. ಮಾವ ರಸ್ತೆಗೆ ಓಡಿದ್ದಾರೆ, ಊರಿನ ಗೌಸನ ಟೆಂಪೋ ಕರೆಯಲು. ಆ ಸೊಂಟದಲ್ಲಿ ಓಡುತ್ತಿದ್ದಾರೆ. ಬಟ್ಟೆ, ಸ್ವೆಟರು, ಈ ಡೈರಿಯೂ ಚೀಲಕ್ಕೆ.

ರಾತ್ರಿ 9.15. ಶ್ರೀರಂಗಪಟ್ಟಣ, ನರ್ಸಿಂಗ್ ಹೋಂ

ಬರೆದರೆ ತಲೆ ನಿಲ್ಲುತ್ತದೇನೋ.

ಇವರು ಆಫೀಸಿನಿಂದ ನೇರ ಬಂದರು. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು, ಕತ್ತು ಬಗ್ಗಿಸಿ ನೋಡಿ, ಮಗುವಿಗೆ ಏನಾದರೂ ಕೊಟ್ಟಿದ್ದೀರಾ ಎಂದರು. ನಾನು ಬಾಯಿ ತೆರೆಯುವ ಮೊದಲೇ ಇವರು, ಏನೂ ಇಲ್ಲ ಸಾರ್ ಎಂದರು. ನಾನು ಹೇಳಿಬಿಟ್ಟೆ. ಸಾರು, ಗಿಡ, ಕಲ್ಲು, ಎಲ್ಲ. ಇವರ ಕೈ ನನ್ನ ತೋಳನ್ನು ಹಿಂಡುತ್ತಲೇ ಇತ್ತು.

ಡಾಕ್ಟರು ಬೈಯಲಿಲ್ಲ. ತಿಂಗಳ ಹಿಂದಿನ ಸಾರಿಗೂ ಇದಕ್ಕೂ ಸಂಬಂಧ ಇಲ್ಲವಂತೆ. ಕಲ್ಲಿನಿಂದ ಅದು ಹೊಟ್ಟೆಗೆ ಹೋಗಿದ್ದರೆ ಕಾದು ನೋಡಿಕೊಂಡರೆ ಮಗು ತಾನೇ ಏಳುತ್ತದೆ. ಹೋಗಿಲ್ಲದಿದ್ದರೆ ಮೆದುಳು ಜ್ವರ ಇರಬಹುದು, ಬೆಳಿಗ್ಗೆ ಆರಕ್ಕೆ ಮಕ್ಕಳ ಡಾಕ್ಟರು ಬಂದು ಬೆನ್ನುಮೂಳೆಗೆ ಸೂಜಿ ಹಾಕಿ ನೀರು ತೆಗೆಯಬೇಕು. ಯಾವುದು ಅಂತ ಮೈ ನೋಡಿ ಹೇಳಲು ಆಗುತ್ತಿಲ್ಲವಂತೆ. "ನಿಮ್ಮ ಊಹೆ ನನಗೆ ಬೇಡಮ್ಮ. ತೇದವರು ಏನು ತೇದರು, ಅದು ಬೇಕು."

ಆ ಪುಟ್ಟ ಬೆನ್ನಿಗೆ ಸೂಜಿ.

ಒಂದು ಇಂಜೆಕ್ಷನ್ ಇಲ್ಲಿ ಸಿಗುವುದಿಲ್ಲ ಅಂತ ಇವರನ್ನು ಮೈಸೂರಿಗೆ ಕಳಿಸಿದ್ದಾರೆ. ಹೋಗುವಾಗ ಇವರು ಹೇಳಿದ್ದು ಇಷ್ಟೇ: "ಅವ್ವನ್ ಹೆಸರು ಎಲ್ಲೂ ಬರಕೂಡದು." ಮಗಳ ಜೀವ? ಅದನ್ನು ನಾನು ಕೇಳಲಿಲ್ಲ. ಇವರ ಮುಖವೂ ಬೂದಿಯ ಹಾಗೆ ಆಗಿತ್ತು.

ನಾದಿನಿ ಮನೆಯಲ್ಲಿ ಫೋನಿಲ್ಲ. ಗೌಸ್ ಇನ್ನೂ ಹೋಗಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅವನೇ ಹೇಳಿದ: "ಅಕ್ಕಾ, ಪಾಂಡವಪುರದಿಂದ ನಾಗಮಂಗಲಕ್ಕೆ ಕಡೇ ಬಸ್ಸು ಇನ್ನೂ ಐತೆ. ಚೀಟಿ ಬರೀರಿ, ಕಂಡಕ್ಟರ್ ಕೈಗೆ ಕೊಟ್ಟು ಬತ್ತೀನಿ. ಅಲ್ಲಾ ಅವ್ನೆ." ಅವನೇ ಅಲ್ಲಿ ತನಕ ಹೋಗಲಿ ಅಂದರೆ ಟೆಂಪೋ ಲೈಟು ಒಂದೇ ಕಣ್ಣು, ಅದೂ ಆರಿ ಹತ್ತುತ್ತಿದೆ. ಬೇರೆ ಕಾಗದ ಇಲ್ಲ. ಈ ಪುಟವನ್ನೇ ಹರಿದು ಕೊಡುತ್ತೇನೆ. ಗೆರೆಯಿಂದ ಮೇಲಿನದು ಓದಬೇಡಿ.

————

ಕಂಡಕ್ಟರೇ, ಅಥವಾ ಇದನ್ನು ಓದುತ್ತಿರುವವರು ಯಾರೇ ಆಗಿರಿ,

ನಾಗಮಂಗಲ ಬಸ್ ಸ್ಟ್ಯಾಂಡ್ ಹಿಂದೆ, ಎಣ್ಣೆ ಗಾಣದ ಪಕ್ಕದ ಹೆಂಚಿನ ಮನೆ. ಅಲ್ಲಿ ಕ್ಯಾತನಹಳ್ಳಿಯಿಂದ ಬಂದ ಪುಟ್ಟತಾಯಮ್ಮ ಅಂತ ಇದ್ದಾರೆ. ದಯವಿಟ್ಟು ಎಬ್ಬಿಸಿ. ಅವರಿಗೆ ಓದಲು ಬರುವುದಿಲ್ಲ, ನೀವೇ ಓದಿ ಹೇಳಿ.

ಅತ್ತೆ, ಚಿನ್ನು ಏಳುತ್ತಿಲ್ಲ. ಆಸ್ಪತ್ರೆಯಲ್ಲಿದ್ದೇವೆ. ಉಸಿರಾಡುತ್ತಿದ್ದಾಳೆ. ಬೆಳಿಗ್ಗೆ ಕಲ್ಲಿನ ಮೇಲೆ ಮೊದಲು ತೇದದ್ದು ಮಾವನದೋ, ಮಗುವಿನದೋ? ಮಾವನದು ಮೊದಲಾದರೆ, ನಡುವೆ ಕಲ್ಲು ತೊಳೆದಿರಾ? ಅಥವಾ ನನ್ನ ಮೇಲಿನ ಕನಿಕರಕ್ಕೆ, ಇವಳು ಒಂದು ದಿನ ಮಲಗಲಿ ಅಂತ, ದನದ ಔಷಧಿ ತಿಳಿದೇ ಒಂದಿಷ್ಟು... ಹಾಗಿದ್ದರೂ ಹೇಳಿ. ಸಿಟ್ಟಿಲ್ಲ. ಚಿನ್ನು ಮೇಲಾಣೆ. ಯಾರ ಮುಂದೆಯೂ ನಿಮ್ಮ ಹೆಸರು ಬರುವುದಿಲ್ಲ. ಕೊಟ್ಟಿದ್ದೀರಿ ಅಂತಾದರೆ ನನಗೆ ಸಂತೋಷ, ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ನಿಜ ಒಂದು ಬೇಕು.

ಓದುತ್ತಿರುವವರೇ, ಅವರು ಸುಮ್ಮನಿದ್ದರೆ ಇನ್ನೊಂದು ಸಲ ಓದಿ. ಅತ್ತರೆ ಅಳಲು ಬಿಡಿ, ಆಮೇಲೆ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ತಿಳಿಸಿ, ನೀವು ಏನೂ ಸೇರಿಸಬೇಡಿ. ಇಲ್ಲಿಯ ನಂಬರು ಹಿಂದುಗಡೆ ಬರೆದಿದ್ದೇನೆ. ಎಸ್‌ಟಿಡಿ ಬೂತು ಮುಚ್ಚಿದ್ದರೆ ಬಾಗಿಲು ಬಡಿಯಿರಿ, ಅವರು ಒಳಗೇ ಮಲಗುತ್ತಾರೆ. ನಾನು ಫೋನಿನ ಪಕ್ಕದ ಸ್ಟೂಲಿನ ಮೇಲೆ ಇರುತ್ತೇನೆ, ಒಂದೇ ರಿಂಗಿಗೆ ಎತ್ತುತ್ತೇನೆ. ಆರು ಗಂಟೆಗೆ ಡಾಕ್ಟರು ಬಂದುಬಿಡುತ್ತಾರೆ. ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ, ನೀವು ಯಾರ ಮಗನೋ ಯಾರ ತಂದೆಯೋ ನನಗೆ ಗೊತ್ತಿಲ್ಲ, ಗೌಸ್ ಹಾರ್ನ್ ಮಾಡುತ್ತಿದ್ದಾನೆ, ಬೆಳಗಾಗುವುದರೊಳಗೆ ಹೇಗಾದರೂ ಒಂದು ಫೋನ್